ಗೆರೆ ದಾಟಿದ ಡಾಲರು

ಹುಬ್ಬಳ್ಳಿಯ ವಿದ್ಯಾನಗರದ ಕಾಲೇಜೊಂದರಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲುಗಳಲ್ಲಿ ಬಿ.ಕಾಂ. ಓದುವ ಹುಡುಗ ಹುಡುಗಿಯರಿದ್ದೀರಿ. ಮುಂದಿನ ಸಾಲಿನಲ್ಲಿ ನಮ್ಮ ಬ್ಯಾಡಗಿ ಕಡೆಯ ವರ್ತಕರು ಕೂತಿದ್ದಾರೆ. ಹುಡುಗರ ಕೈಯಲ್ಲಿ ಚಾರ್ಟ್ ಇದೆ, ಮಾಲು ಇಲ್ಲ. ವರ್ತಕರ ಹತ್ತಿರ ಮಾಲು ಇದೆ, ಚಾರ್ಟ್ ಇಲ್ಲ. ಇವತ್ತಿನ ವಿಷಯ ಬ್ರೇಕೌಟ್, ಅಂದರೆ ಬಹಳ ದಿನ ತಡೆದು ನಿಲ್ಲಿಸಿದ ಗೆರೆಯನ್ನು ರೇಟು ದಾಟಿ ಹೋಗುವುದು. ಇದು ಇಬ್ಬರಿಗೂ ಬೇಕು, ಆದರೆ ಬೇರೆ ಬೇರೆ ಕಾರಣಕ್ಕೆ.

ನನ್ನ ಬಗ್ಗೆ ಎರಡು ಮಾತು. ನಮ್ಮ ಅಪ್ಪನದು ಬ್ಯಾಡಗಿಯಲ್ಲಿ ದಲಾಲಿ ಅಂಗಡಿ. ನಾನು ಅದನ್ನು ಮುಂದುವರಿಸಲಿಲ್ಲ. ಮೆಣಸಿನಕಾಯಿಯಿಂದ ಓಲಿಯೋರೆಸಿನ್, ಅಂದರೆ ಬಣ್ಣ ಮತ್ತು ಖಾರದ ಗಟ್ಟಿ ಸಾರ, ತೆಗೆದು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಂಡೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣಕ್ಕೇ ಹೊರಗೆ ಬೇಡಿಕೆ. ಮಾಲಿನ ದುಡ್ಡು ಬರುವುದು ಡಾಲರಿನಲ್ಲಿ, ರೈತರಿಗೆ ಕೊಡುವುದು ರೂಪಾಯಿಯಲ್ಲಿ. ನಡುವೆ ಪೈಸೆ ಎಲ್ಲಿ ಸೋರುತ್ತದೆ ಅಂತ ನೋಡುವುದು ನನ್ನ ಕೆಲಸವಾಗಿತ್ತು.

ಬ್ರೇಕೌಟ್ ಅನ್ನೋ ಪದ ನಾನು ಕಲಿತದ್ದು ಬಹಳ ತಡವಾಗಿ. ಆದರೆ ಆ ಸಂಗತಿ ನೋಡಿದ್ದು ಅಪ್ಪನ ಅಂಗಡಿಯಲ್ಲೇ. ಅಲ್ಲಿಗೆ ಬರುತ್ತಿದ್ದ ಒಬ್ಬ ಹಿರಿಯ ವರ್ತಕರು ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ರೇಟು ಬರೆದಿಡುತ್ತಿದ್ದರು. ಸೋಮವಾರದ ಮಾರ್ಕೆಟ್ಟಿಗೆ ಒಂದು ಅಂಕಿ, ಗುರುವಾರಕ್ಕೆ ಒಂದು ಅಂಕಿ. ಆಗ ಕ್ವಿಂಟಲ್ಲಿಗೆ ನಾಲ್ಕು ಸಾವಿರ, ನಾಲ್ಕೂವರೆ ಸಾವಿರದ ಮಾತು. ಅವರು ಅಪ್ಪನಿಗೆ ಹೇಳುತ್ತಿದ್ದರು: "ನಾಲ್ಕೂವರಿ ದಾಟ್ತಂದ್ರ ಐದರ ತನಕ ನಿಲ್ಲೂದಿಲ್ಲ ನೋಡ್ರಿ."

ಯಾಕೆ ನಿಲ್ಲುವುದಿಲ್ಲ? ನಾಲ್ಕೂವರೆ ಬಂದರೆ ಮಾರುತ್ತೇನೆ ಅಂತ ಕಾದು ಕೂತವರು ಬಹಳ ಜನ ಇರುತ್ತಾರೆ. ರೇಟು ಅಲ್ಲಿಗೆ ಬಂದ ಕೂಡಲೇ ಅವರ ಚೀಲ ಹೊರಗೆ ಬರುತ್ತವೆ. ರೇಟು ತಲೆ ಗುದ್ದಿಕೊಂಡು ಕೆಳಗೆ ಇಳಿಯುತ್ತದೆ. ಮತ್ತೊಂದು ವಾರ ಹೋಗುತ್ತದೆ, ಮತ್ತೆ ಗುದ್ದುತ್ತದೆ. ಒಂದು ದಿನ ಆ ಕಾದವರ ಚೀಲಗಳೆಲ್ಲ ಖಾಲಿಯಾಗಿರುತ್ತವೆ. ಅವತ್ತು ಖರೀದಿದಾರ ನಾಲ್ಕೂವರೆಗೆ ಟೆಂಡರ್ ಬರೆದರೆ ಮಾಲು ಕೊಡುವವರಿಲ್ಲ. ನಾಲ್ಕು ಸಾವಿರದ ಆರುನೂರು ಬರೆಯುತ್ತಾನೆ. ಅದೇ ಹೊತ್ತಿಗೆ, ಮುಂಬೈಗೆ ಮಾಲು ಕಳಿಸುತ್ತೇನೆ ಎಂದು ಮಾತು ಕೊಟ್ಟು, ರೇಟು ಇಳಿಯಲಿ ಅಂತ ಇನ್ನೂ ಖರೀದಿ ಮಾಡದೆ ಕೂತವನು ಗಾಬರಿ ಬೀಳುತ್ತಾನೆ. ಅವನಿಗೆ ರೇಟು ನೋಡುವ ಪುರುಸೊತ್ತು ಇಲ್ಲ, ಎಷ್ಟಾದರೂ ಸರಿ, ಮಾಲು ಬೇಕು. ಹೀಗೆ ರೇಟು ಓಡುತ್ತದೆ. ಗೆರೆಗೆ ಯಾವ ಶಕ್ತಿಯೂ ಇಲ್ಲ. ಗೆರೆಯ ಹತ್ತಿರ ಯಾರು ನಿಂತಿದ್ದರು, ಅವರ ಹತ್ತಿರ ಇನ್ನೇನು ಉಳಿದಿದೆ ಅನ್ನೋದೇ ವಿಷಯ.

ಕೆಳಗಿನ ಗೆರೆ ಒಡೆದರೆ ಇನ್ನೂ ಜೋರು. 2024ರ ಮಾರ್ಚಿನಲ್ಲಿ ಬ್ಯಾಡಗಿಯಲ್ಲಿ ರೇಟು ಕುಸಿದಾಗ ಮಾರುಕಟ್ಟೆಯ ಅಂಗಳದಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೆಲ್ಲ ನೆನಪಿದೆ. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಈಗ ಕರೆನ್ಸಿಗೆ ಬರೋಣ. ಜಗತ್ತಿನ ವಿದೇಶಿ ವಿನಿಮಯ ಮಾರುಕಟ್ಟೆಯಲ್ಲಿ 2022ರ ಏಪ್ರಿಲ್ ಲೆಕ್ಕದಂತೆ ದಿನಕ್ಕೆ 7.5 ಲಕ್ಷ ಕೋಟಿ ಡಾಲರ್ ವಹಿವಾಟು ನಡೆಯುತ್ತಿತ್ತು. ಈ ಲೆಕ್ಕವನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಬ್ಯಾಂಕ್ ಫಾರ್ ಇಂಟರ್‌ನ್ಯಾಷನಲ್ ಸೆಟಲ್‌ಮೆಂಟ್ಸ್ ಮೂರು ವರ್ಷಕ್ಕೊಮ್ಮೆ ಹಾಕುತ್ತದೆ. 2025ರಲ್ಲಿ ಅದು 9.6 ಲಕ್ಷ ಕೋಟಿಗೆ ಏರಿತ್ತು. ಇಷ್ಟು ದೊಡ್ಡ ಸಂತೆಯಲ್ಲೂ ಗೆರೆಯ ಕಥೆ ನಮ್ಮ ಬ್ಯಾಡಗಿಯದ್ದೇ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಕೆರೋಲ್ ಓಸ್ಲರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞೆ ಒಂದು ದೊಡ್ಡ ಬ್ಯಾಂಕಿಗೆ ಬಂದಿದ್ದ ಗ್ರಾಹಕರ ಆರ್ಡರ್‌ಗಳನ್ನು ಒಂದೊಂದಾಗಿ ನೋಡಿದರು. 2003ರಲ್ಲಿ ಅವರ ಬರಹ ಪ್ರಕಟವಾಯಿತು. ಲಾಭ ಕೈಗೆ ತೆಗೆದುಕೊಳ್ಳುವ ಆರ್ಡರ್‌ಗಳು ಸರಿಯಾಗಿ ದುಂಡು ಅಂಕಿಯ ಮೇಲೆ ಗುಂಪುಗೂಡಿರುತ್ತವೆ. ಸ್ಟಾಪ್ ಲಾಸ್ ಆರ್ಡರ್‌ಗಳು ದುಂಡು ಅಂಕಿಯಿಂದ ಸ್ವಲ್ಪ ಆಚೆ ಇರುತ್ತವೆ. ಇದು ಅವರು ಕಂಡದ್ದು. ಸ್ಟಾಪ್ ಲಾಸ್ ಅಂದರೆ, ನಷ್ಟ ಇಷ್ಟಾದ ಕೂಡಲೇ ನನ್ನನ್ನು ಬಿಡಿಸು ಅಂತ ಮೊದಲೇ ಕೊಟ್ಟಿಟ್ಟ ಆರ್ಡರ್.

ಇದರ ಅರ್ಥ ನೋಡಿ. ಡಾಲರ್ 85ರ ಕಡೆಗೆ ಏರುತ್ತಿದೆ ಅಂದುಕೊಳ್ಳಿ. ಮೊದಲೇ ಕೊಂಡವರು "85 ಬಂದರೆ ಮಾರು" ಎಂದು ಹೇಳಿಟ್ಟಿದ್ದಾರೆ. ಅದಕ್ಕೇ 85ರಲ್ಲಿ ತಡೆ. ಏರುವುದಿಲ್ಲ ಎಂದು ಮಾರಿದವರು "85ರ ಮೇಲೆ ಐದು ಪೈಸೆ ಹೋದರೆ ನನ್ನನ್ನು ಬಿಡಿಸು" ಎಂದು ಹೇಳಿಟ್ಟಿದ್ದಾರೆ. ಅವರನ್ನು ಬಿಡಿಸುವುದು ಅಂದರೆ ಡಾಲರ್ ಕೊಳ್ಳುವುದು. ತಡೆ ಮುಗಿದು ಐದು ಪೈಸೆ ದಾಟಿದ ಕೂಡಲೇ ಅವರ ಖರೀದಿ ಶುರು. ಆ ಖರೀದಿ ರೇಟನ್ನು ಇನ್ನೂ ಐದು ಪೈಸೆ ಮೇಲೆ ತಳ್ಳುತ್ತದೆ. ಅಲ್ಲಿ ಇನ್ನೊಬ್ಬನ ಸ್ಟಾಪ್ ಲಾಸ್. ಮುಂಬೈಗೆ ಮಾತು ಕೊಟ್ಟವನ ಗಾಬರಿಯೇ ಇದು. ಕಂಪ್ಯೂಟರಿನಲ್ಲಿ ಮೊದಲೇ ಬರೆದಿಟ್ಟ ಗಾಬರಿ, ಅಷ್ಟೇ ವ್ಯತ್ಯಾಸ.

ಹಾಗಾದರೆ ಗೆರೆ ದಾಟಿದಾಗ ಕೊಂಡರೆ ಆಯ್ತಲ್ವಾ ಸರ್, ಅಂತ ಮೂರನೇ ಸಾಲಿನ ಹುಡುಗರು ಆಗಲೇ ನಗುತ್ತಿದ್ದೀರಿ. ನಗಿ. ಈ ಮಾತನ್ನು ನಿಯಮವಾಗಿ ಮಾಡಿದವರೂ ಇದ್ದಾರೆ. ರಿಚರ್ಡ್ ಡೊಂಚಿಯನ್ ಎಂಬವರ ನಿಯಮ ಒಂದು ಚೀಟಿಯ ಮೇಲೆ ಹಿಡಿಯುತ್ತದೆ: ಕಳೆದ ನಾಲ್ಕು ವಾರದ ಅತಿ ಹೆಚ್ಚಿನ ಬೆಲೆ ದಾಟಿದರೆ ಕೊಳ್ಳು, ನಾಲ್ಕು ವಾರದ ಅತಿ ಕಡಿಮೆ ಬೆಲೆ ದಾಟಿ ಇಳಿದರೆ ಮಾರು. 1983ರ ಕೊನೆಯಲ್ಲಿ ಶಿಕಾಗೋದ ವ್ಯಾಪಾರಿ ರಿಚರ್ಡ್ ಡೆನಿಸ್ ಮತ್ತು ಅವರ ಗೆಳೆಯ ವಿಲಿಯಂ ಎಕ್‌ಹಾರ್ಟ್ ನಡುವೆ ಒಂದು ಪಂಥ ಬಿತ್ತು. ವ್ಯಾಪಾರ ಕಲಿಸಿದರೆ ಬರುತ್ತದೆ ಅಂತ ಡೆನಿಸ್. ಹುಟ್ಟಿನಿಂದಲೇ ಬರಬೇಕು ಅಂತ ಎಕ್‌ಹಾರ್ಟ್. ಡೆನಿಸ್ ಪೇಪರಿನಲ್ಲಿ ಜಾಹೀರಾತು ಕೊಟ್ಟರು. ಬಂದವರಲ್ಲಿ ಕೆಲವರನ್ನು ಆರಿಸಿ ಎರಡು ವಾರ ಪಾಠ ಹೇಳಿದರು. ಅವರಿಗೆ ಆಮೆಗಳು ಅಂತ ಹೆಸರು ಬಿತ್ತು. ಸಿಂಗಾಪುರದಲ್ಲಿ ಆಮೆ ಸಾಕುವುದನ್ನು ನೋಡಿ ಬಂದಿದ್ದ ಡೆನಿಸ್, ಹಾಗೇ ವ್ಯಾಪಾರಿಗಳನ್ನೂ ಬೆಳೆಸುತ್ತೇನೆ ಅಂದಿದ್ದರಂತೆ. ಆಮೆಗಳು 20 ದಿನದ ಗೆರೆ ದಾಟಿದರೆ ಕೊಳ್ಳುತ್ತಿದ್ದರು, 10 ದಿನದ ಕೆಳಗೆರೆ ಮುಟ್ಟಿದರೆ ಹೊರಬೀಳುತ್ತಿದ್ದರು. ಇನ್ನೊಂದು ನಿಧಾನದ ನಿಯಮ 55 ದಿನದ್ದು. ಪೌಂಡು, ಯೆನ್, ಸ್ವಿಸ್ ಫ್ರಾಂಕು, ಎಲ್ಲದರಲ್ಲೂ ಇದೇ ನಿಯಮ. ಅವರಲ್ಲಿ ಕೆಲವರು ಬಹಳ ದುಡ್ಡು ಮಾಡಿದರು.

ಆಮೇಲೆ ಈ ನಿಯಮ ಊರಿಗೆಲ್ಲ ಗೊತ್ತಾಯಿತು. 20 ದಿನದ ಗೆರೆ ದಾಟಿ ಕೊಂಡವರನ್ನು ಸಿಕ್ಕಿಹಾಕಿಸಿ, ರೇಟು ವಾಪಸ್ ಬರುವಾಗ ದುಡ್ಡು ಮಾಡುವ ತಂತ್ರ ಬಂತು. ಅದಕ್ಕೆ ಇಟ್ಟ ಹೆಸರು 'ಆಮೆ ಸಾರು'.

ಈಗ ಒಂದು ಲೆಕ್ಕ. ಹುಡುಗರು ಪೆನ್ನು ತೆಗೆಯಿರಿ. ನಮ್ಮ ದೇಶದ ಎಕ್ಸ್‌ಚೇಂಜಿನಲ್ಲಿ ಡಾಲರ್-ರೂಪಾಯಿ ಫ್ಯೂಚರ್ಸ್, ಅಂದರೆ ಮುಂದಿನ ಒಂದು ದಿನಕ್ಕೆ ಇವತ್ತೇ ರೇಟು ಗೊತ್ತು ಮಾಡುವ ಕರಾರು, ಶುರುವಾದದ್ದು 2008ರ ಆಗಸ್ಟಿನಲ್ಲಿ. ಒಂದು ಲಾಟ್ ಅಂದರೆ 1,000 ಡಾಲರ್. ರೇಟು ಒಂದು ಪೈಸೆ ಆಚೀಚೆ ಆದರೆ ಒಂದು ಲಾಟಿಗೆ 10 ರೂಪಾಯಿ ಆಚೀಚೆ. ಡಾಲರ್ ಹದಿನೈದು ದಿನದಿಂದ 86.20 ಮತ್ತು 86.60ರ ನಡುವೆ ಓಡಾಡುತ್ತಿದೆ ಅಂದುಕೊಳ್ಳೋಣ. 86.62ಕ್ಕೆ ಕೊಂಡೆ. 86.45ಕ್ಕೆ ಸ್ಟಾಪ್ ಲಾಸ್ ಇಟ್ಟೆ. ತಪ್ಪಾದರೆ 17 ಪೈಸೆ, ಅಂದರೆ ಲಾಟಿಗೆ 170 ರೂಪಾಯಿ ಹೋಯಿತು.

ಇಂಥ ವ್ಯಾಪಾರ ಹತ್ತು ಸಲ ಮಾಡಿದೆ. ಆರು ಸಲ ರೇಟು ವಾಪಸ್ ಬಂತು. 1,020 ರೂಪಾಯಿ ಹೋಯಿತು. ನಾಲ್ಕು ಸಲ ಓಡಿತು. ಎರಡು ಸಲ 20 ಪೈಸೆ, ಒಂದು ಸಲ 30 ಪೈಸೆ, ಒಂದೇ ಒಂದು ಸಲ 90 ಪೈಸೆ. ಕೂಡಿಸಿ. 200, 200, 300, 900, ಒಟ್ಟು 1,600. ಕಳೆದರೆ 580 ಉಳಿಯಿತು. ಬ್ರೋಕರೇಜು ತೆರಿಗೆ ಬೇರೆ, ಅದನ್ನು ಈಗ ಬಿಡಿ.

ಈಗ ಆ 90 ಪೈಸೆಯ ದಿನ ನೀವು ಗದಗಿನಲ್ಲಿ ಅಕ್ಕನ ಮದುವೆಗೆ ಹೋಗಿದ್ದಿರಿ ಅಂತ ಇಟ್ಟುಕೊಳ್ಳಿ. ಅಥವಾ ಹಿಂದಿನ ಮೂರು ಸಲ ಸೋತು ಬೇಜಾರಾಗಿ ಅವತ್ತು ಕೊಳ್ಳಲಿಲ್ಲ. ಅಥವಾ 20 ಪೈಸೆ ಬಂದದ್ದೇ ಖುಷಿಯಾಗಿ ಮಾರಿಬಿಟ್ಟಿರಿ. ಕೊಳ್ಳದೇ ಇದ್ದವನಿಗೆ 700 ಬಂತು, 1,020 ಹೋಯಿತು. 320 ನಷ್ಟ. ಬೇಗ ಮಾರಿದವನಿಗೆ 900 ಬಂತು, ಅವನಿಗೂ 120 ನಷ್ಟ. ಹತ್ತರಲ್ಲಿ ಒಂದು ದಿನದ ಮೇಲೆ ಇಡೀ ಲೆಕ್ಕ ನಿಂತಿದೆ. ಅದು ಯಾವ ದಿನ ಅಂತ ಮೊದಲೇ ಗೊತ್ತಾಗುವುದಿಲ್ಲ. ಅದಕ್ಕೇ ಹತ್ತೂ ಸಲ ಕೊಳ್ಳಬೇಕು. ಹತ್ತೂ ಸಲ ಕೊಳ್ಳಬೇಕಾದರೆ ಆರು ಸಲ ಸೋಲುವಾಗ ಮನೆ ಹಾಳಾಗಬಾರದು. ಬ್ರೇಕೌಟ್ ವ್ಯಾಪಾರ ಅಂದರೆ ಇಷ್ಟೇ ಅಂತ ನನಗೆ ಅನಿಸಿದೆ. ಗೆರೆ ಎಳೆಯುವುದು ಹತ್ತು ನಿಮಿಷದ ಕೆಲಸ. ಸಣ್ಣದಾಗಿ ಸೋಲುವುದನ್ನು ಕಲಿಯಲು ನನಗೆ ವರ್ಷಗಳೇ ಬೇಕಾದವು.

ಎಷ್ಟು ಸಣ್ಣದು? ಒಂದು ಲಕ್ಷ ಇದೆ ಅನ್ನಿ. ಒಂದು ವ್ಯಾಪಾರದಲ್ಲಿ ನೂರಕ್ಕೆ ಒಂದು ಮಾತ್ರ ಕಳೆದುಕೊಳ್ಳುತ್ತೇನೆ ಅಂದರೆ 1,000 ರೂಪಾಯಿ. ಲಾಟಿಗೆ 170 ಹೋಗುವುದಾದರೆ ಐದು ಲಾಟ್ ಕೊಳ್ಳಬಹುದು. ಆರನೆಯದು ಬೇಡ, 1,020 ಆಗುತ್ತದೆ. ಮಾರ್ಜಿನ್, ಅಂದರೆ ಮೊದಲು ಇಡಬೇಕಾದ ಠೇವಣಿಯ ಲೆಕ್ಕ ಹಾಕಿದರೆ ಅದೇ ದುಡ್ಡಿಗೆ ಮೂವತ್ತು ಲಾಟ್ ಕೊಡುತ್ತಾರೆ. ಕೊಡುತ್ತಾರೆ ಅಂತ ತಗೋಬೇಕಾ? ಮದುವೆ ಮನೆಯಲ್ಲಿ ಹೋಳಿಗೆ ಎಷ್ಟು ಬೇಕಾದರೂ ಬಡಿಸುತ್ತಾರೆ.

ವರ್ತಕರೊಬ್ಬರು ಇಲ್ಲಿ ಕೈ ಎತ್ತಿದರು. "ಅಲ್ರೀ, ವಾಪಸ್ ಬರೋ ಗೆರಿ ಯಾವುದು, ಓಡೋ ಗೆರಿ ಯಾವುದು, ಮೊದಲ ಗೊತ್ತಾಗೂದಿಲ್ಲೇನ್ರೀ?"

ಪೂರ್ತಿ ಗೊತ್ತಾಗುವುದಿಲ್ಲ. ಕೆಲವು ಗುರುತುಗಳಿವೆ. ನಡುಹಗಲು ಗೆರೆ ದಾಟಿದ್ದನ್ನು ನಾನು ನಂಬುವುದಿಲ್ಲ, ದಿನದ ಕೊನೆಯ ರೇಟು ಗೆರೆಯ ಆಚೆ ನಿಲ್ಲಬೇಕು. ಬಹಳ ದಿನ ಇಕ್ಕಟ್ಟಾದ ಜಾಗದಲ್ಲಿ ಓಡಾಡಿದ ರೇಟು ಹೊರಬಿದ್ದರೆ ಅದಕ್ಕೆ ಕಸುವು ಜಾಸ್ತಿ. ದಿನಕ್ಕೆ ಸರಾಸರಿ ಎಷ್ಟು ಪೈಸೆ ಓಡಾಡುತ್ತದೆ ಅಂತ ಬರೆದಿಟ್ಟುಕೊಂಡು, ಸ್ಟಾಪ್ ಲಾಸನ್ನು ಅದಕ್ಕಿಂತ ಹತ್ತಿರ ಇಡಬಾರದು. ಆಮೆಗಳು ಆ ಸರಾಸರಿಯ ಎರಡು ಪಟ್ಟು ದೂರ ಇಡುತ್ತಿದ್ದರು. ಇಷ್ಟಾದರೂ ಮೋಸ ಹೋಗುತ್ತೇವೆ.

ನಾನು ಮೋಸ ಹೋದದ್ದು 2016ರ ಜೂನ್ 23ಕ್ಕೆ. ಬ್ರಿಟನ್ನಿನವರು ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅಂತ ಓಟು ಹಾಕಿದ ದಿನ. ಇರುತ್ತಾರೆ ಅಂತ ಎಲ್ಲರೂ ನಂಬಿದ್ದರು. ಪೌಂಡು ಹಿಂದಿನ ವಾರಗಳ ಗೆರೆ ದಾಟಿ ಏರುತ್ತಿತ್ತು. ಚಾರ್ಟಿನಲ್ಲಿ ಬ್ರೇಕೌಟ್ ನೋಡಿ ನಾನೂ ಪೌಂಡ್-ರೂಪಾಯಿ ಎರಡು ಲಾಟ್ ಕೊಂಡೆ, ನೂರು ರೂಪಾಯಿಯ ಆಸುಪಾಸಿನಲ್ಲಿ. ನಮ್ಮ ಎಕ್ಸ್‌ಚೇಂಜ್ ಐದು ಗಂಟೆಗೆ ಬಾಗಿಲು ಹಾಕಿತು. ರಾತ್ರಿ ಪೌಂಡು 1.50 ಡಾಲರ್ ಮುಟ್ಟಿತು. ನಾನು ಖುಷಿಯಾಗಿ ಮಲಗಿದೆ. ನಮ್ಮಲ್ಲಿ ಬೆಳಕು ಹರಿಯುವ ಮೊದಲೇ ಸಂಡರ್‌ಲೆಂಡ್ ಊರಿನ ಫಲಿತಾಂಶ ಬಂತು, ಒಕ್ಕೂಟ ಬಿಡಬೇಕು ಅಂತ. ಅಲ್ಲಿಂದ ಪೌಂಡು ಜಾರುತ್ತ ಹೋಗಿ 1.32 ಡಾಲರಿಗೆ ಬಂತು. ಮೂವತ್ತು ವರ್ಷದಲ್ಲಿ ಅಷ್ಟು ಕೆಳಗೆ ಇಳಿದಿರಲಿಲ್ಲ. ನಾನು ಎದ್ದು ಚಹಾ ಕುಡಿಯುವಾಗ ನನ್ನ ಸ್ಟಾಪ್ ಲಾಸ್ ಇದ್ದ ಜಾಗವನ್ನು ರೇಟು ಮುಟ್ಟದೇ ಹಾರಿಕೊಂಡು ಹೋಗಿತ್ತು. ಎರಡು ಲಾಟಿಗೆ ಹನ್ನೊಂದು ಸಾವಿರ ಹೋಯಿತು. ಎರಡೇ ಲಾಟ್ ಇತ್ತು ಅನ್ನೋದೇ ಸಮಾಧಾನ. ಮನೆಯಲ್ಲಿ ಹೇಳಿದ್ದು ಮಾತ್ರ ದೀಪಾವಳಿ ಕಳೆದ ಮೇಲೆ.

ಸ್ಟಾಪ್ ಲಾಸ್ ಅಂದರೆ ಗೋಡೆ ಅಂತ ಎಲ್ಲರೂ ತಿಳಿದಿರುತ್ತಾರೆ. ಅಲ್ಲ. ಅದು ಬರೀ ಒಂದು ಚೀಟಿ. "ಈ ರೇಟಿಗೆ ಬಂದರೆ ಮಾರು" ಅಂತ ಬರೆದ ಚೀಟಿ. ಆ ರೇಟಿಗೆ ಕೊಳ್ಳುವವನು ಅಲ್ಲಿ ಇರಬೇಕಲ್ಲ! ನಮಗೆ ಇದು ಇನ್ನೂ ಕಷ್ಟ. ಲಂಡನ್ ಬಾಗಿಲು ತೆಗೆಯುವುದು ನಮ್ಮ ಮಧ್ಯಾಹ್ನ. ಅಮೆರಿಕದ ನೌಕರಿ ಅಂಕಿಅಂಶ, ಬೆಲೆ ಏರಿಕೆಯ ಅಂಕಿಅಂಶ ಬರುವುದು ಬೇಸಿಗೆಯಲ್ಲಿ ನಮ್ಮ ಸಂಜೆ ಆರಕ್ಕೆ, ಚಳಿಗಾಲದಲ್ಲಿ ಏಳಕ್ಕೆ. ಆಗ ನಮ್ಮ ರೂಪಾಯಿ ಫ್ಯೂಚರ್ಸ್ ಬಾಗಿಲು ಹಾಕಿರುತ್ತದೆ. ಸಿಂಗಾಪುರ, ಲಂಡನ್‌ನಲ್ಲಿ ಹೊರಗಿನವರು ರಾತ್ರಿಯೆಲ್ಲ ರೂಪಾಯಿಯ ಮೇಲೆ ವ್ಯಾಪಾರ ಮಾಡುತ್ತಲೇ ಇರುತ್ತಾರೆ. ಗೆರೆ ದಾಟುವುದು ಅಲ್ಲಿ. ಬೆಳಗ್ಗೆ ಒಂಬತ್ತಕ್ಕೆ ನಾವು ಬಾಗಿಲು ತೆಗೆದರೆ ರೇಟು ಆಗಲೇ ಗೆರೆಯ ಆಚೆ ಕೂತಿರುತ್ತದೆ. ಚಿಗರಿ ಬಸ್ಸಿನ ಬಾಗಿಲು ಮುಚ್ಚಿದ ಮೇಲೆ ನಿಲ್ದಾಣಕ್ಕೆ ಓಡಿ ಬಂದ ಹಾಗೆ.

ಇನ್ನು ಮನುಷ್ಯರೇ ಕಟ್ಟಿದ ಗೆರೆ. 2011ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಸೆಂಟ್ರಲ್ ಬ್ಯಾಂಕು, ಒಂದು ಯೂರೋ 1.20 ಫ್ರಾಂಕಿಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ ಎಂದು ಹೇಳಿತು. ಮೂರು ವರ್ಷಕ್ಕೂ ಜಾಸ್ತಿ ಬಿಡಲಿಲ್ಲ. ಜನ ಅದನ್ನೇ ನೆಲ ಎಂದು ನಂಬಿ, ಸಾಲ ತೆಗೆದು, 1.20ರ ಸ್ವಲ್ಪ ಮೇಲೆ ಯೂರೋ ಕೊಂಡು ಕೂತರು. 2015ರ ಜನವರಿ 15, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರು ಗಂಟೆ. ಇನ್ನು ಆ ಗೆರೆ ಇಲ್ಲ ಎಂದು ಬ್ಯಾಂಕು ಒಂದು ಪ್ರಕಟಣೆ ಕೊಟ್ಟಿತು. ಕೆಲವೇ ನಿಮಿಷದಲ್ಲಿ ಯೂರೋ ಒಂದು ಫ್ರಾಂಕಿಗಿಂತ ಕೆಳಗೆ ಬಿತ್ತು. 1.19ಕ್ಕೆ ಸ್ಟಾಪ್ ಲಾಸ್ ಇಟ್ಟವರಿಗೆ ಅದಕ್ಕಿಂತ ಬಹಳ ಕೆಳಗೆ ಮಾರಾಟವಾಯಿತು. ಹಾಕಿದ ದುಡ್ಡು ಹೋಗಿ, ಬ್ರೋಕರಿಗೆ ಮೇಲಿಂದ ಕೊಡಬೇಕಾದವರೂ ಇದ್ದರು.

ಕೆರೆಯ ಏರಿ ಮತ್ತು ಕೋಡಿ ನೆನಪಿಗೆ ತಂದುಕೊಳ್ಳಿ. ಉಣಕಲ್ ಕೆರೆ ತುಂಬಿದರೆ ಕೋಡಿಯಲ್ಲಿ ನೀರು ಹರಿಯುತ್ತದೆ, ಯಾರೂ ಹೆದರುವುದಿಲ್ಲ. ಕೋಡಿ ಮುಚ್ಚಿ ನೀರು ನಿಲ್ಲಿಸಿದರೆ ಏರಿಯೇ ಒಡೆಯುತ್ತದೆ. ಸ್ವಿಸ್‌ನವರದು ಏರಿ ಒಡೆದ ಕಥೆ.

ನಮ್ಮ ರಿಸರ್ವ್ ಬ್ಯಾಂಕಿನದು ಬೇರೆ ಥರ. ಇಂಥದೇ ರೇಟು ಇರಬೇಕು ಅಂತ ನಾವು ಹೇಳುವುದಿಲ್ಲ, ವಿಪರೀತ ಏರಿಳಿತ ಆಗದಂತೆ ನೋಡಿಕೊಳ್ಳುತ್ತೇವೆ, ಅಷ್ಟೇ ಎನ್ನುತ್ತದೆ. ಆದರೆ 2022ರ ಅಕ್ಟೋಬರಿನಲ್ಲಿ ಡಾಲರ್ 83 ದಾಟಿದ ಮೇಲೆ ಏನಾಯಿತು ನೋಡಿ. 84 ದಾಟಲು ಎರಡು ವರ್ಷ ಬೇಕಾಯಿತು, 2024ರ ಅಕ್ಟೋಬರ್ ತನಕ. ಮೇಲೆ ಹೋದರೆ ಬ್ಯಾಂಕು ಡಾಲರ್ ಮಾರುತ್ತಿತ್ತು, ಕೆಳಗೆ ಬಂದರೆ ಕೊಳ್ಳುತ್ತಿತ್ತು. 2024ರ ಸೆಪ್ಟೆಂಬರ್ ಕೊನೆಗೆ ಅದರ ಸಂಗ್ರಹ 70,000 ಕೋಟಿ ಡಾಲರಿಗೂ ಮೇಲೆ ಹೋಗಿತ್ತು. ನಾನು ಹೇಳಿದೆನಲ್ಲ, ಗೆರೆಯ ಹತ್ತಿರ ನಿಂತವನ ಚೀಲದಲ್ಲಿ ಇನ್ನೆಷ್ಟು ಉಳಿದಿದೆ ಅಂತ ನೋಡಬೇಕು. ಇಲ್ಲಿ ಚೀಲ ಮುಗಿಯುವ ಮಾತೇ ಇರಲಿಲ್ಲ. ಆ ಎರಡು ವರ್ಷ ಡಾಲರ್-ರೂಪಾಯಿಯಲ್ಲಿ ಬ್ರೇಕೌಟ್ ಹಿಡಿಯಲು ಹೋದವರು ಐದು ಪೈಸೆ, ಎಂಟು ಪೈಸೆ ಅಂತ ಸೋತು ಸುಣ್ಣವಾದರು. ಆಮೇಲೆ ಕೈ ಸಡಿಲವಾಯಿತು. 2024ರ ಡಿಸೆಂಬರಿನಲ್ಲಿ 85, ಜನವರಿಯಲ್ಲಿ 86, ಫೆಬ್ರವರಿಯಲ್ಲಿ 88ರ ಹತ್ತಿರ. ಎರಡು ವರ್ಷ ಸೋತವನು ಬೇಸತ್ತು ಬಿಟ್ಟುಹೋದ ಮೇಲೆ ಬಂಡಿ ಹೊರಟಿತು. ಅಷ್ಟಕ್ಕೇ ನಿಲ್ಲಲಿಲ್ಲ. 2025ರ ಮೇ ತಿಂಗಳ ಶುರುವಿನಲ್ಲಿ ಒಮ್ಮೆ 84ಕ್ಕಿಂತ ಕೆಳಗೆ ಬಂದು, ಡಿಸೆಂಬರಿನಲ್ಲಿ 90 ದಾಟಿತು.

ವರ್ತಕರಿಗೆ ಹೇಳಬೇಕಾದ ಕಥೆ 2013ರದ್ದು. ಆಗ ನಾನು ಕಂಪನಿಯಲ್ಲಿದ್ದೆ. ಹಿಂದಿನ ವರ್ಷ ಡಾಲರ್ 57 ರೂಪಾಯಿ 30 ಪೈಸೆಯ ಆಸುಪಾಸಿಗೆ ಹೋಗಿ ವಾಪಸ್ ಬಂದಿತ್ತು. 2013ರ ಮೇ 22ಕ್ಕೆ ಅಮೆರಿಕದ ಸೆಂಟ್ರಲ್ ಬ್ಯಾಂಕಿನ ಬೆನ್ ಬರ್ನಾಂಕೆ, ದುಡ್ಡು ಹರಿಸುವುದನ್ನು ಮುಂದೆ ಕಡಿಮೆ ಮಾಡಬಹುದು ಎಂದರು. ಜೂನಿನಲ್ಲಿ ಆ ಹಳೆಯ ಗೆರೆ ದಾಟಿತು. ಕ್ಯಾಲೆಂಡರ್ ಹಿಂದೆ ರೇಟು ಬರೆಯುತ್ತಿದ್ದ ಹಿರಿಯರು ನೆನಪಾದರು. ಡಾಲರ್ ಅರವತ್ತು ದಾಟಿತು, ಅರವತ್ತೈದು ದಾಟಿತು. ನಮಗೆ ಹೊರಗಿಂದ 40,000 ಡಾಲರ್ ಬರುವುದಿತ್ತು. ರೇಟು ಏರಿದಷ್ಟೂ ನಮಗೆ ಲಾಭ. ಅರವತ್ತೆಂಟಕ್ಕೆ ಅರ್ಧವನ್ನಾದರೂ ಫಾರ್ವರ್ಡ್ ಬುಕ್ ಮಾಡೋಣ, ಇವತ್ತಿನ ರೇಟನ್ನೇ ಬ್ಯಾಂಕಿನ ಹತ್ತಿರ ಖಾಯಂ ಮಾಡಿಸೋಣ ಎಂದು ನಾನು ಹೇಳಿದೆ. ಸಾವಕಾರರು "ಎಪ್ಪತ್ತ ಆಗ್ಲಿ ತಡೀರಿ" ಎಂದರು. ನಾನೂ ಜಾಸ್ತಿ ಒತ್ತಾಯ ಮಾಡಲಿಲ್ಲ. ಒಳಗೊಳಗೇ ನನಗೂ ಎಪ್ಪತ್ತರ ಆಸೆ ಇತ್ತು.

ಆಗಸ್ಟ್ 28ಕ್ಕೆ 68.80 ಮುಟ್ಟಿತು. ಅವತ್ತೇ ರಾತ್ರಿ ರಿಸರ್ವ್ ಬ್ಯಾಂಕು, ಸರ್ಕಾರಿ ತೈಲ ಕಂಪನಿಗಳಿಗೆ ಬೇಕಾದ ಡಾಲರನ್ನು ತಾನೇ ನೇರವಾಗಿ ಕೊಡುತ್ತೇನೆ ಎಂದಿತು. ನೋಡಿ, ಗೆರೆಯ ಹತ್ತಿರ ನಿಂತಿದ್ದ ದೊಡ್ಡ ಖರೀದಿದಾರರನ್ನು ಸಾಲಿನಿಂದಲೇ ಹೊರಗೆ ಕರೆದುಕೊಂಡು ಹೋದರು. ಸೆಪ್ಟೆಂಬರ್ 4ಕ್ಕೆ ರಘುರಾಮ್ ರಾಜನ್ ಗವರ್ನರ್ ಆದರು. ಅಕ್ಟೋಬರ್ ಹೊತ್ತಿಗೆ ಡಾಲರ್ 62ರ ಕೆಳಗೆ. ನಮ್ಮ ದುಡ್ಡು ಬಂದದ್ದು ಆಗ. ಡಾಲರಿಗೆ ಆರು ರೂಪಾಯಿ ಕಡಿಮೆ, 40,000ಕ್ಕೆ 2,40,000 ರೂಪಾಯಿ. ಕಳೆದುಕೊಂಡೆವು ಅನ್ನುವ ಹಾಗೂ ಇಲ್ಲ, ಮೇ ತಿಂಗಳ ರೇಟಿಗಿಂತ ಜಾಸ್ತಿಯೇ ಬಂದಿತ್ತು. ಆದರೆ ಆ ವರ್ಷ ಸಾವಕಾರರ ಮುಖದಲ್ಲಿ ನಗು ನಾನು ನೋಡಲಿಲ್ಲ.

ಮಾಲು ಇರುವವರಿಗೆ ಬ್ರೇಕೌಟ್ ಪಂಥ ಕಟ್ಟುವ ಅವಕಾಶ ಅಲ್ಲ ಅಂತ ನಾನು ಅಲ್ಲಿಂದ ತಿಳಿದೆ. ಗೆರೆ ದಾಟಿದ ದಿನ ಬ್ಯಾಂಕಿಗೆ ಫೋನ್ ಮಾಡಿ ಮೂರರಲ್ಲಿ ಒಂದು ಪಾಲು ಖಾಯಂ ಮಾಡಿಸಿ. ಓಡಿದರೆ ಇನ್ನೊಂದು ಪಾಲು. ಕೊನೆಯ ಪಾಲನ್ನು ಬೇಕಾದರೆ ಆಸೆಗೆ ಬಿಡಿ.

ಇಷ್ಟು ಹೇಳುವಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಾವು ಸ್ಟೂಡೆಂಟ್ಸ್ ಡಾಲರ್-ರೂಪಾಯಿ ಟ್ರೇಡ್ ಮಾಡಬಹುದಾ?"

ಇದನ್ನು ಮೊದಲೇ ಹೇಳಬೇಕಿತ್ತು. ಮಾಡುವ ಹಾಗಿಲ್ಲಮ್ಮ. 2024ರ ಜನವರಿ 5ಕ್ಕೆ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು, ಅದು ಮೇ 3ರಿಂದ ಜಾರಿಗೆ ಬಂತು. ಎಕ್ಸ್‌ಚೇಂಜಿನಲ್ಲಿ ರೂಪಾಯಿ ಇರುವ ಕರೆನ್ಸಿ ಫ್ಯೂಚರ್ಸ್, ಆಪ್ಷನ್ಸ್ ಮಾಡಬೇಕಾದರೆ ನಿಮಗೆ ನಿಜವಾದ ವಿದೇಶಿ ಹಣದ ವ್ಯವಹಾರ ಇರಬೇಕು. ರಫ್ತು, ಆಮದು, ಹೊರಗಿನ ಸಾಲ, ಇಂಥದ್ದು. 10 ಕೋಟಿ ಡಾಲರ್ ತನಕ ಕಾಗದಪತ್ರ ತೋರಿಸಬೇಕಿಲ್ಲ, ಆದರೆ ವ್ಯವಹಾರ ಇರಲೇಬೇಕು. ಇದಾದ ಮೇಲೆ ಎಕ್ಸ್‌ಚೇಂಜುಗಳ ಕರೆನ್ಸಿ ವಿಭಾಗದಲ್ಲಿ ವಹಿವಾಟು ಬಿದ್ದೇ ಹೋಯಿತು. ಅಲ್ಲಿದ್ದವರಲ್ಲಿ ಎಷ್ಟು ಜನರಿಗೆ ಮಾಲು ಇತ್ತು, ಎಷ್ಟು ಜನರಿಗೆ ಬರೀ ಚಾರ್ಟ್ ಇತ್ತು ಅಂತ ಅದರಿಂದಲೇ ಗೊತ್ತಾಯಿತು. ಈ ನಿಯಮ ಸ್ವಲ್ಪ ಬಿಗಿಯಾಯಿತು ಅಂತ ನನಗೆ ಈಗಲೂ ಅನಿಸುತ್ತದೆ. ಪಂಥ ಕಟ್ಟುವವನೂ ಇದ್ದರೇ ರೈತನಿಗಾಗಲಿ ರಫ್ತುದಾರನಿಗಾಗಲಿ ಎದುರು ಪಾರ್ಟಿ ಸಿಗುವುದು. ಆದರೆ ನಿಯಮ ನಿಯಮವೇ.

"ಹಾಗಾದರೆ ಮೊಬೈಲ್ ಆ್ಯಪಿನಲ್ಲಿ ಯೂರೋ-ಡಾಲರ್?" ಹಿಂದಿನಿಂದ ಇನ್ನೊಂದು ದನಿ.

ಅದು ಇನ್ನೂ ಅಪಾಯ. ಹೊರದೇಶದ ಫಾರೆಕ್ಸ್ ಆ್ಯಪಿಗೆ ಇಲ್ಲಿಂದ ಮಾರ್ಜಿನ್ ದುಡ್ಡು ಕಳಿಸುವುದು ಫೆಮಾ ಎಂಬ ವಿದೇಶಿ ವಿನಿಮಯದ ಕಾನೂನಿಗೆ ವಿರುದ್ಧ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇಂಥ ಪರವಾನಗಿ ಇಲ್ಲದ 34 ಹೆಸರುಗಳ ಎಚ್ಚರಿಕೆ ಪಟ್ಟಿ ಹಾಕಿತು. ಪಟ್ಟಿ ಆಮೇಲೆ ಬೆಳೆಯುತ್ತಲೇ ಇದೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಪರವಾನಗಿ ಇದೆ ಅಂತಲ್ಲ.

ರಾಣೆಬೆನ್ನೂರಿನಲ್ಲಿ ನಮ್ಮ ಸಂಬಂಧಿಕರ ಹುಡುಗನೊಬ್ಬ ಇಂಥದರಲ್ಲಿ ಸಿಕ್ಕಿಬಿದ್ದ. ಯಾವುದೋ ಗ್ರೂಪಿನಲ್ಲಿ ದಿನಾ "ಬ್ರೇಕೌಟ್ ಕಾಲ್" ಬರುತ್ತಿತ್ತು. ಆ್ಯಪು 500 ಪಟ್ಟು ಕೊಡುತ್ತೇನೆ ಎಂದಿತ್ತು. ಅಂದರೆ 100 ಡಾಲರ್ ಇಟ್ಟರೆ 50,000 ಡಾಲರಿನ ವ್ಯಾಪಾರ. ಲೆಕ್ಕ ಮಾಡಿ. ರೇಟು ನೂರಕ್ಕೆ 0.2 ಆಚೀಚೆ ಆದರೆ 100 ಡಾಲರ್ ಪೂರ್ತಿ ಹೋಯಿತು. ಯೂರೋ ಅಷ್ಟು ಓಡಾಡಲು ಒಂದು ಮಧ್ಯಾಹ್ನ ಸಾಕು. ಗೆರೆ ದಾಟಿದ್ದು ನಿಜವೇ ಆದರೂ, ಓಡುವ ಮೊದಲು ರೇಟು ಬಹಳ ಸಲ ಗೆರೆ ಮುಟ್ಟಲು ಒಮ್ಮೆ ವಾಪಸ್ ಬರುತ್ತದೆ. ಅಷ್ಟರಲ್ಲೇ ಇವನ ದುಡ್ಡು ಖಾಲಿ. ಅವನು ಸರಿಯಾದ ಕಡೆಗೇ ಪಂಥ ಕಟ್ಟಿ ಸೋತ, ಒಂದಲ್ಲ, ನಾಲ್ಕು ಸಲ. ಐದನೇ ಸಲ ಗೆದ್ದ. ಆ್ಯಪಿನಲ್ಲಿ ಮೂರೂವರೆ ಲಕ್ಷ ಕಾಣುತ್ತಿತ್ತು. ತೆಗೆಯಲು ಹೋದರೆ ಮೊದಲು ತೆರಿಗೆ ಕಟ್ಟಿ ಎಂದರು. ಕಟ್ಟಿದ. ಮತ್ತೆ ಕಟ್ಟಿ ಎಂದರು. ಆಮೇಲೆ ಗ್ರೂಪೂ ಇಲ್ಲ, ಆ್ಯಪೂ ಇಲ್ಲ. ಅವನು 1930ಕ್ಕೆ ಫೋನ್ ಮಾಡಿದ್ದು ಒಂದು ವಾರ ಕಳೆದ ಮೇಲೆ, ಮರ್ಯಾದೆಗೆ ಅಂಜಿ. ಸೈಬರ್ ಮೋಸಕ್ಕೆ ಆ ನಂಬರಿಗೆ ಮೊದಲ ಗಂಟೆಯಲ್ಲೇ ಫೋನ್ ಮಾಡಬೇಕು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಯಲು ಆಗಲೇ ಅವಕಾಶ ಜಾಸ್ತಿ.

ನಮ್ಮ ಹುಬ್ಬಳ್ಳಿಗೆ ಇದು ಹೊಸದಲ್ಲ. ಓಸಿ ಬರೆಯೋದು ಅಂತೀವಲ್ಲ, ಓಸಿ ಅಂದರೆ ಓಪನ್-ಕ್ಲೋಸ್. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಓಪನಿಂಗ್ ರೇಟು, ಕ್ಲೋಸಿಂಗ್ ರೇಟು ಬಾಂಬೆಗೆ ಬರುತ್ತಿತ್ತು. ಜನ ಅದರ ಮೇಲೆ ಪಂಥ ಕಟ್ಟುತ್ತಿದ್ದರು. 1960ರ ದಶಕದ ಶುರುವಿನಲ್ಲಿ ಆ ರೇಟು ಬರುವುದು ನಿಂತಿತು. ಪಂಥ ನಿಲ್ಲಲಿಲ್ಲ. ಮಡಕೆಯಲ್ಲಿ ಚೀಟಿ ಹಾಕಿ ನಂಬರ್ ತೆಗೆಯಲು ಶುರು ಮಾಡಿದರು, ಅದು ಮಟ್ಕಾ ಆಯಿತು. ಹತ್ತಿಯೂ ಇಲ್ಲ, ನ್ಯೂಯಾರ್ಕೂ ಇಲ್ಲ, ಬರೀ ನಂಬರ್ ಉಳಿಯಿತು. ನಮ್ಮದು ಹತ್ತಿಯ ಊರು, ಕಾಟನ್ ಮಾರ್ಕೆಟ್ ಹೆಸರು ಇವತ್ತೂ ಇದೆ. ಮಡಕೆಯ ಜಾಗಕ್ಕೆ ಈಗ ಫೋನು ಬಂದಿದೆ.

ಹಾಗಾದರೆ ಹುಡುಗರು ಏನು ಮಾಡಬೇಕು? ಕಾಗದದ ಮೇಲೆ ಮಾಡಿ. ಆರು ತಿಂಗಳು ಡಾಲರಿನ ರೇಟು ದಿನಾ ಬರೆದು, 20 ದಿನದ ಗೆರೆ ಎಳೆದು, ಸುಳ್ಳು ದುಡ್ಡಿನಲ್ಲಿ ಕೊಂಡು ಮಾರಿ. ಎಷ್ಟು ಸಲ ವಾಪಸ್ ಬಂತು ಅಂತ ಎಣಿಸಿ. ಬೋರ್ ಆಗುತ್ತದೆ, ಗೊತ್ತು. ಇದನ್ನು ಕಲಿತ ಒಬ್ಬರು ಬ್ಯಾಡಗಿಯ ಯಾವುದಾದರೂ ರಫ್ತು ಕಂಪನಿಗೆ ಸೇರಿದರೆ ಆ ಕಂಪನಿಗೆ ಎಷ್ಟು ಲಾಭ ಅಂತ ನನಗೆ ಗೊತ್ತು, 2,40,000 ರೂಪಾಯಿ.

ಕೊನೆಯ ಪ್ರಶ್ನೆ ಮುಂದಿನ ಸಾಲಿನಿಂದ ಬಂತು. ಬಿಳಿ ಟೋಪಿಯ ಯಜಮಾನರು, ಅಲ್ಲಿಯ ತನಕ ಒಂದು ಮಾತೂ ಆಡಿರಲಿಲ್ಲ. "ಎಲ್ಲಾ ತಿಳೀತ್ರೀ. ಕೋಲ್ಡ್ ಸ್ಟೋರೇಜಿನಾಗ ನನ್ನ ಮುನ್ನೂರು ಚೀಲ ಅದಾವ. ಹ್ವಾದ ವರ್ಷದ ಮಾಲು. ಅದಕ್ಕ ಸ್ಟಾಪ್ ಲಾಸ್ ಎಲ್ಲಿ ಇಡೂದು?"

ಇಡುವಾಗ ಯಾವ ರೇಟು ಇತ್ತು ಅಂತ ಕೇಳಿದೆ. ಹೇಳಿದರು. ಈಗ ಎಷ್ಟಿದೆ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ತಿಂಗಳ ಬಾಡಿಗೆ ಎಷ್ಟು ಎಂದು ಕೇಳಿ ಬೋರ್ಡಿನ ಮೇಲೆ ಬರೆದೆ. ಗುಣಿಸಿ ಕೂಡಿಸುವಷ್ಟರಲ್ಲಿ ಅವರೇ "ಬಿಡ್ರಿ, ಬ್ಯಾಡ" ಎಂದರು. ಪಕ್ಕದಲ್ಲಿದ್ದವರು ನಕ್ಕರು. ಅವರೂ ನಕ್ಕರು. "ನೂರು ಚೀಲ ಬರೋ ಸ್ವಾಮಾರ ಹಾಕ್ತೀನಿ. ಉಳಿದದ್ದು ನೋಡೂಣು." ಅಷ್ಟು ಹೇಳಿ ಟೋಪಿ ಸರಿ ಮಾಡಿಕೊಂಡು ಗಿರ್ಮಿಟ್ಟು ಇಟ್ಟಿದ್ದ ಟೇಬಲ್ಲಿನ ಕಡೆಗೆ ನಡೆದರು.